ಟೊಲೆಡೊ ಚಾಕು

ಓರಗಿತ್ತಿ ವಾಸಂತಿ ಟೊಲೆಡೊದಿಂದ ತಂದು ನೀಡಿದ ಚಾಕುವಿಗೆ ಅಪೇಕ್ಷಾ ಕೈಯೊಡ್ಡಲಿಲ್ಲ. “ಕೆಳಗಿಡಿ ಅಕ್ಕ. ಚಾಕು ಕೈಗೆ ಕೊಟ್ರೆ ಜಗಳ ಆಗುತ್ತೆ.”

“ನ್ಯೂಜಿಲೆಂಡಿನ ತಕಾನಿನಿಗೆ ಬಂದ್ರೂ ತವರಿನ ಶಾಸ್ತ್ರ ಬಿಡ್ಲಿಲ್ವಲ್ಲೇ!”

ಸ್ಪೇನಿಗೆ ಹೊರಟು ನಿಂತಿದ್ದವಳು ಅಪೇಕ್ಷಾ. ಮ್ಯಾಡ್ರಿಡ್‌ನಿಂದ ಟೊಲೆಡೊಗೆ ಬೆಳಗಿನ ರೈಲು, ಸಂಜೆಯ ರೈಲು, ಎಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. “ನರ್ಸು ನೀನು ತಾನೆ, ನೀನಿರು,” ಎಂದ ವಾಸಂತಿ, ಅದೇ ಚೀಟಿ ಹಿಡಿದು ತಾನು ಹೋಗಿಬಂದಿದ್ದಳು.

“ಅರ್ಧ ಗಂಟೆ ರೈಲು, ಆಮೇಲೆ ಬರೀ ಗುಡ್ಡ ಹತ್ತೋದು. ಹಳೇ ಕಲ್ಲು ಬಿಟ್ರೆ ಏನೂ ಇಲ್ಲ ಕಣೆ. ನೀನು ಹೋಗದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು,” ಎನ್ನುತ್ತ ವಾಸಂತಿ ಚಾಕುವನ್ನು ಮೇಜಿನ ಮೇಲಿಡಲು ಬಗ್ಗಿದಳು.

ಅಪೇಕ್ಷಾ ಅಂಗೈ ಚಾಚಿದಳು. “ಬೇಡ ಅಕ್ಕ. ಕೈಗೇ ಕೊಡಿ.”