ಕವಾಟಕ್ಕೆ ಎರಡನೇ ಲೇಪ

ಲೋಹ ತಿನ್ನುವ ಜೀವಾಣು ನೀರಿಗೂ ರಕ್ತಕ್ಕೂ ಹಬ್ಬಿದ ಮೇಲೆ, ವಜ್ರದಂಥ ಇಂಗಾಲದ ಲೇಪವಿಲ್ಲದೆ ಬೆಳಗಾವಿಯಲ್ಲಿ ಒಂದು ಸೂಜಿಯೂ ಬಾಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಲೇಪ ಹಾಕುವ ಶಿವಗಂಗಾ ಅಂದು ಹೃದಯಕ್ಕೆ ಹಾಕುವ ಲೋಹದ ಕವಾಟವೊಂದನ್ನು ಮುಗಿಸಿದ್ದಳು. ಅದಕ್ಕಾಗಿ ಆಪರೇಷನ್ ಕೋಣೆಯಲ್ಲಿ ಮಲಗಿದ್ದವನು ಅವಳ ಗಂಡ. ಪರೀಕ್ಷೆಗೆಂದು ಕವಾಟದ ಜೊತೆಗೇ ಲೇಪ ಹಾಕಿದ್ದ ಮಾದರಿ ಬಿಲ್ಲೆಯನ್ನು ಗೀರಿ ನೋಡಿದರೆ ಲೇಪ ಸಿಪ್ಪೆಯಂತೆ ಎದ್ದಿತು.

“ಇದ್ದದ್ದ ಕೊಡ್ರಿ ಅಕ್ಕಾರ, ಅವರ ಎದಿ ತಡಿಯಂಗಿಲ್ಲ,” ಎಂದರು ಡಾಕ್ಟರು, ಆಪರೇಷನ್ ಕೋಣೆಯಿಂದ ಫೋನಿನಲ್ಲಿ.

“ಒಳಗ ಹೋದ ಮ್ಯಾಲೆ ಲೇಪ ಕಿತ್ತ ಬಂದರ? ಒಂದ ತಾಸು ಅವರನ್ನ ಉಳಿಸಿ ಇಡ್ರಿ.”

ಹಳೆಯ ಲೇಪ ತೆಗೆದು, ಹೊಸದು ಗಟ್ಟಿಯಾಗಿ ಹಿಡಿಯಲೆಂದು ಟೈಟಾನಿಯಂ ಹೆಚ್ಚು ಬೆರೆಸಿ, ಕವಾಟವನ್ನು ಹೊಸ ಬಿಲ್ಲೆಯೊಂದಿಗೆ ಮತ್ತೆ ಯಂತ್ರಕ್ಕಿಟ್ಟಳು. ಕಿಂಡಿಯಲ್ಲಿ ನೇರಳೆ ಬೆಳಕು ಆರುವವರೆಗೂ ಫೋನಿನತ್ತ ನೋಡುವ ಧೈರ್ಯ ಬರಲಿಲ್ಲ. ಈ ಸಲ ಬಿಲ್ಲೆಯನ್ನು ಎಷ್ಟು ಗೀರಿದರೂ ಲೇಪ ಕದಲಲಿಲ್ಲ.

ಗಂಡನಿಗೆ ಎಚ್ಚರವಾದ ದಿನ ಅವನ ಎದೆಗೆ ಕಿವಿಯಿಟ್ಟಳು. ಕವಾಟ ಟಿಕ್ ಟಿಕ್ ಎನ್ನುತ್ತಿತ್ತು.

“ಏನ ಕೇಳಾಕತ್ತಿ?” ಎಂದ.

“ನನ್ನ ಕೆಲಸಾ,” ಎಂದಳು.