ಅಮ್ಮನ ಹುಬ್ಬಿಗೆ ಅರಿಶಿನ

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನದ ವಾಸನೆ ಬಂದರೆ ಇವತ್ತಿಗೂ ಪುಟ್ಟೇನಹಳ್ಳಿಯ ಬಾಡಿಗೆ ಮನೆಯ ಮೆಟ್ಟಿಲು ನೆನಪಾಗುತ್ತದೆ.

ಅಮ್ಮ ನರ್ಸ್. ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಬಂದವರನ್ನು ಬೈಯದೆ ಬಿಡುತ್ತಿರಲಿಲ್ಲ. ಆ ಮಧ್ಯಾಹ್ನ ಅಪ್ಪ ಹೊಡೆದು ಅವಳ ಹುಬ್ಬು ಒಡೆದಿತ್ತು. ಆಸ್ಪತ್ರೆಗೆ ಹೋದರೆ ಎಲ್ಲರೂ ಕೇಳುತ್ತಾರೆಂದು ಮೆಟ್ಟಿಲ ಮೇಲೆ ಕೂತೇ ಇದ್ದಳು. ಕೆಳಗಿನ ಮನೆಯ ಓನರ್ ಅಜ್ಜಿ ಏನೂ ಕೇಳದೆ ಬಟ್ಟಲು ತಂದು, ಒರಟು ಬೆರಳಿನಿಂದ ಅರಿಶಿನ ಹಚ್ಚಿದರು. ಅಮ್ಮ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು.

"ಉರೀತೈತಾ ಮಗಾ?"

"ಇಲ್ಲ ಅಜ್ಜಿ."

"ನೀನೂ ಮಗೂನೂ ಇಲ್ಲೇ ಇರಿ. ಅವ್ನು ಇನ್ಮೇಲೆ ಈ ಗೇಟ್ ದಾಟಲ್ಲ."

ಸಂಜೆ ಅಪ್ಪ ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಅಜ್ಜಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪ ಗೇಟು ಬಡಿದು ಬಡಿದು ಹೊರಟುಹೋಗುವವರೆಗೂ ಅವರ ಹಳದಿ ಬೆರಳುಗಳು ನಿಲ್ಲಲಿಲ್ಲ.