ಹೊಸ ಶೀಟಿನ ಕೂದಲು

“ಎಲ್ಲಪ್ಪಾ, ಒಂದೇ ಒಂದು ಎಳೆ ಕಣ್ಣಿಗೆ ತೋರ್ಸು. ಈಗ್ಲೇ ಅಷ್ಟೂ ಶೀಟು ಬಿಚ್ಚಾಕುಸ್ತೀನಿ” ಎಂದು ಗುರುಪ್ರಕಾಶ್ ಸೊಂಟದ ಮೇಲೆ ಕೈಯಿಟ್ಟು ಚಾವಣಿ ನೋಡಿದ. ಕೊಳ್ಳೇಗಾಲದ ಆ ಮಗ್ಗದ ಮನೆಗೆ ನಾಲ್ಕು ದಿನದ ಹಿಂದೆ ಫೈಬರ್ ಶೀಟು ಹಾಕಿಸಿಕೊಟ್ಟ ಅಂಗಡಿಯವನು ಅವನೇ.

ನೇಕಾರ ಶಿವರಾಜು ಏಣಿಯ ತುದಿಯಲ್ಲಿ ನಿಂತು ಶೀಟಿನ ಒಳಮೈ ಸವರಿ ತೋರಿಸಿದ. ಅಂಟಿನ ಪದರ ತೆಳ್ಳಗಾಗಿ ಗಾಜಿನ ಎಳೆಗಳು ಮೂರು ದಿನ ಕ್ಷೌರ ಮಾಡದ ಗಲ್ಲದಂತೆ ಎದ್ದಿದ್ದವು. ಕೈಗೆ ಚುಚ್ಚುತ್ತಿದ್ದವು, ಕೆಳಗಿದ್ದವನ ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ.

“ಹೊಸ ಮಗೀಗೆ ಮೈಮ್ಯಾಲೆ ಕೂದ್ಲಿರಾಕಿಲ್ವೇನಪ್ಪಾ? ತಾನಾಗೇ ಉದುರೋಯ್ತದೆ” ಎಂದ ಗುರುಪ್ರಕಾಶ್.

“ಉದುರ್ತಾ ಇರದೇ ಕಣ್ರೀ ನಮ್ ತಾಪತ್ರಯ!” ಶಿವರಾಜು ಏಣಿಯಿಂದ ಹಾರಿದ. “ಕೆರ್ದು ಕೆರ್ದು ಕತ್ತೆಲ್ಲಾ ಗಾಯ ಆಗದೆ, ನೋಡಿ. ಮಗ್ಗದ ಮ್ಯಾಲೆ ಧಾರೆ ಸೀರೆ ಅದೆ. ಎಂಟು ದಿನುಕ್ಕೆ ಕೊಡ್ಬೇಕು. ಈ ಮುಳ್ಳು ಸೇರ್ಸಿ ನೇಯ್ದು ಕೊಟ್ರೆ ಹೆಣ್ಣು ಧಾರೆ ವೊತ್ನಲ್ಲಿ ಗಂಡನ ಕೈ ಹಿಡ್ದಾಳೋ, ಬೆನ್ನು ಕೆರ್ಕಂಡಾಳೋ?”

ಮಗ್ಗದ ಮೇಲೆ ಹಳೇ ಜಮಖಾನ ಹೊದಿಸಿತ್ತು. ನಾಲ್ಕು ದಿನದಿಂದ ಲಾಳಿ ಒಂದು ಸಲವೂ ಓಡಿರಲಿಲ್ಲ.

“ಅದು ಬೆವರುಸಾಲೆ ಕಣಪ್ಪಾ. ಹನೂರಿಂದ ಯಳಂದೂರು ಗಂಟ ಇದೇ ಶೀಟು ಹಾಕಿವ್ನಿ. ಒಬ್ಬನೂ ಕೆರ್ಕಂಡಿಲ್ಲ.”

ಶಿವರಾಜು ಏಣಿಯನ್ನೇ ಎತ್ತುವಂತಿದ್ದ. ಅಷ್ಟರಲ್ಲಿ ತಾಯಿ ಮಹಾಲಕ್ಷ್ಮಮ್ಮ ನಡುವೆ ಬಂದರು. “ಸುಮ್ಕಿರ್ಲಾ. ಸೂರು ಹಾಕ್ದವ್ರಿಗೆ ಬಟ್ಟೆ ಕೊಟ್ಟು ಕಳ್ಸದು ಬುಟ್ಟು ಬೈತೀಯಲ್ಲ, ಇದ್ಯಾವೂರ ಮರ್ಯಾದೆ?” ಎಂದವರೇ, ಶೀಟು ಹಾಕಿದ ದಿನದಿಂದ ಅದರಡಿಯ ಹಗ್ಗದ ಮೇಲೇ ಬಿದ್ದಿದ್ದ ಬಿಳಿ ರೇಷ್ಮೆ ಶಾಲನ್ನು ಎಳೆದುಕೊಂಡರು. ಒದರಲಿಲ್ಲ. ಹಾಗೇ ಗುರುಪ್ರಕಾಶನ ಕತ್ತಿಗೆ ಎರಡು ಸುತ್ತು ಸುತ್ತಿ ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟರು.

ಅವನ ಎದೆ ಉಬ್ಬಿತು. “ಒಂದು ಫೋಟೋ ತಗಿಯಪ್ಪಾ, ಸ್ಟೇಟಸ್‌ಗೆ ಹಾಕ್ತೀನಿ.”

ಶಿವರಾಜು ಅವ್ವನ ಮುಖ ನೋಡಿ ಮೊಬೈಲ್ ತೆಗೆದ. ಅವನಿಗೆ ಒಮ್ಮೆಲೇ ಫೋಟೋ ತೆಗೆಯುವುದರಲ್ಲಿ ಬಹಳ ಶ್ರದ್ಧೆ ಬಂದುಬಿಟ್ಟಿತ್ತು. “ಒಂಚೂರು ಎಡುಕ್ ಬನ್ನಿ ಸಾ... ಕಣ್ಮುಚ್ಚುದ್ರಿ, ಇನ್ನೊಂದು... ಅಲ್ಲಾಡ್ಬ್ಯಾಡಿ ಸಾ, ಮಸುಕಾಯ್ತದೆ.”

ನಾಲ್ಕನೇ ಫೋಟೋಕ್ಕೆ ಗುರುಪ್ರಕಾಶನ ಬಲಭುಜ ಕಿವಿಯವರೆಗೆ ಏರಿತು. ಆರನೆಯದಕ್ಕೆ ಅವನು ತೆಂಗಿನಕಾಯಿಯ ಜುಟ್ಟಿನಿಂದ ಗದ್ದದ ಅಡಿ ಉಜ್ಜಿಕೊಳ್ಳುತ್ತಿದ್ದ.

“ಕಡೀತದಾ ಸಾ?” ಮಹಾಲಕ್ಷ್ಮಮ್ಮ ಮೆಲ್ಲಗೆ ಕೇಳಿದರು.

“ಇಲ್ಲ ಇಲ್ಲ... ನಿಮ್ ರೇಷ್ಮೆ ವಸಿ ಒರಟು ಕಣವ್ವಾ.”

“ರೇಷ್ಮೆ ಉಳ ಬುಟ್ಟ ಎಳೆ ಕಡಿಯಾಕಿಲ್ಲ ಸಾ. ಮ್ಯಾಲಿಂದ ಬಿದ್ದ ಎಳೆ ಇರ್ಬೌದು. ಕುಂತ್ಕಳಿ, ಊಟ ಮಾಡ್ಕಂಡೇ ಓಗಿ. ಶಾಲು ಮಾತ್ರ ತಗೀಬ್ಯಾಡಿ, ನಮ್ಗೆ ಅವಮಾನ ಆಯ್ತದೆ.”

ಊಟ ಅಂದದ್ದೇ ತಡ, ಗುರುಪ್ರಕಾಶ್ ಶಾಲು ಕಿತ್ತೆಸೆದು ಎರಡೂ ಕೈಯಲ್ಲಿ ಕತ್ತು ಪರಚಿಕೊಳ್ಳತೊಡಗಿದ. “ನಾಳೆ ಬೆಳಿಗ್ಗೇನೇ ಬೇರೆ ಶೀಟು ಹಾಕುಸ್ತೀನಿ, ಬುಟ್ಬುಡಿ ತಾಯಿ!”

ಅಂಗಳಕ್ಕೆ ಓಡಿದವನು ಬೈಕಿನ ಮೇಲೆ ಕೂತು ಒಂದು ಕೈಯಲ್ಲಿ ಬೆನ್ನು ಕೆರೆಯುತ್ತಾ ಇನ್ನೊಂದರಲ್ಲಿ ಫೋನು ಕಿವಿಗಿಟ್ಟ. ತಾಯಿ ಮಗ ನಗುತ್ತಲೇ ಬಾಗಿಲಿಗೆ ಬಂದರು.

“ನಾಳೆ ಇಲ್ಲಿ ಶೀಟೆಲ್ಲಾ ಬಿಚ್ಕಂಡು... ಎಸೀಬ್ಯಾಡ ಕಣ್ಲಾ! ಯಳಂದೂರ ಕಡೆ ಒಂದು ಇಸ್ಕೂಲಿಗೆ ಹಾಕ್ಬೇಕಲ್ಲ, ಅಲ್ಲಿಗೆ ತಕಂಡೋಗು... ಊಂ, ಉದುರ್ತದೆ ಅಂತ ನಂಗೂ ಗೊತ್ತು. ಐಕ್ಳೇನು ನಂಗೆ ಶಾಲು ಹೊದುಸ್ತವಾ?”